ಅಮ್ಮನ ಮಾತ್ರೆ ಡಬ್ಬಿಯಲ್ಲಿ ಸುಬ್ಬರಾವ್

ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಮೆಥೋಟ್ರೆಕ್ಸೇಟ್ ಕೊಡುವುದು ನನ್ನ ಕೆಲಸ. ಗಂಟು ನೋವಿಗೆ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ. ವಾರಕ್ಕೆ ಒಂದೇ ದಿನ ನುಂಗಬೇಕು. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ, ಅದಕ್ಕೇ ಆ ಸ್ಟ್ರಿಪ್ ನನ್ನ ಹತ್ತಿರವೇ ಇರುತ್ತದೆ. ಮರುದಿನ ಫೋಲಿಕ್ ಆಸಿಡ್ ಅನ್ನುವ ವಿಟಮಿನ್. ಇಪ್ಪತ್ತೆರಡು ವರ್ಷ ಔಷಧಿ ಕಂಪನಿಗಳ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡಿ ಈಗ ಉಡುಪಿಗೆ ವಾಪಸ್ ಬಂದಿದ್ದೇನೆ. ಆದರೆ ಈ ಎರಡೂ ಮಾತ್ರೆಗಳ ಹಿಂದೆ ಒಬ್ಬರೇ ಮನುಷ್ಯ ಇದ್ದಾರೆ ಅಂತ ಅಮ್ಮನಿಗೆ ಹೇಳಿದ್ದು ಹೋದ ವಾರ.

ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು.

ಆ ಹೆಸರನ್ನು ನಾನು ಮೊದಲು ಬಾಯಲ್ಲಿ ಆಡಿದ್ದು ಮಣಿಪಾಲದಲ್ಲಿ ಫಾರ್ಮಸಿ ಓದುವಾಗ. ರಕ್ತದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯುವ ಒಂದು ಪ್ರಾಕ್ಟಿಕಲ್ ಇತ್ತು, ಫಿಸ್ಕೆ-ಸುಬ್ಬರಾವ್ ವಿಧಾನ, ಕೊನೆಗೆ ಟೆಸ್ಟ್ ಟ್ಯೂಬಿನಲ್ಲಿ ಚಂದದ ನೀಲಿ ಬಣ್ಣ ಬರುತ್ತದೆ, ಬಣ್ಣ ಎಷ್ಟು ಗಾಢವೋ ರಂಜಕ ಅಷ್ಟು ಜಾಸ್ತಿ. ರೆಕಾರ್ಡ್ ಪುಸ್ತಕದಲ್ಲಿ ಎರಡು ಹೆಸರನ್ನೂ ಒಂದೇ ಪದದ ಹಾಗೆ ಬರೆದು ಸಹಿ ಹಾಕಿಸಿಕೊಂಡೆವು. ಈ ಸುಬ್ಬರಾವ್ ಯಾರು ಅಂತ ನಾವೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಇದು ನನಗೆ ಇವತ್ತಿಗೂ ಬೇಜಾರು.

ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾದವರು ಅವರು. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟದ್ದಕ್ಕೆ ಬ್ರಿಟಿಷ್ ಪ್ರೊಫೆಸರ್ ಸಿಟ್ಟಾದರು, ಎಂಬಿಬಿಎಸ್ ಬದಲು ಕೆಳಗಿನ ದರ್ಜೆಯ ಎಲ್‌ಎಂಎಸ್ ಸಿಕ್ಕಿತು. ಇಬ್ಬರು ಒಡಹುಟ್ಟಿದವರು ಸ್ಪ್ರೂ ಅನ್ನುವ ಕರುಳಿನ ಕಾಯಿಲೆಯಿಂದ ತೀರಿಹೋದರು. ಅಮೆರಿಕಕ್ಕೆ ಹೋಗಿ, ಓದಿನ ಖರ್ಚಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೂಲಿ ಕೆಲಸ ಮಾಡಿದರು. ಹಾರ್ವರ್ಡ್‌ನಲ್ಲಿ ಅಷ್ಟು ವರ್ಷ ದುಡಿದರೂ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಅನ್ನುವ ಔಷಧಿ ಕಂಪನಿಯ ಲ್ಯಾಬ್ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಸಿಡನ್ನು ಲ್ಯಾಬಿನಲ್ಲೇ ತಯಾರಿಸಿತು. ಒಡಹುಟ್ಟಿದವರನ್ನು ತೆಗೆದುಕೊಂಡು ಹೋದ ಆ ಸ್ಪ್ರೂಗೆ ಅದೇ ಮದ್ದಾಯಿತು.

ಮುಂದಿನದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಸಿಡ್ ಕೊಟ್ಟರೆ ಕಾಯಿಲೆ ಕಡಿಮೆಯಾಗುವ ಬದಲು ಇನ್ನೂ ಜೋರಾಗುವಂತೆ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್‌ಗೆ ಕಂಡಿತು. ಹಾಗಾದರೆ ಅದನ್ನು ತಡೆಯುವ ವಸ್ತು ಕೊಟ್ಟರೆ? ನೋಡಲು ಹೆಚ್ಚುಕಡಿಮೆ ಫೋಲಿಕ್ ಆಸಿಡ್ ತರಹವೇ ಇರುವ, ಆದರೆ ಅದರ ಕೆಲಸಕ್ಕೆ ಅಡ್ಡ ಬರುವ ಅಮಿನೊಪ್ಟೆರಿನ್ ಅನ್ನು ಸುಬ್ಬರಾವ್ ಅವರ ತಂಡ ಮಾಡಿಕೊಟ್ಟಿತು. ಫಾರ್ಬರ್ 16 ಮಕ್ಕಳಿಗೆ ಕೊಟ್ಟರು, 10 ಮಕ್ಕಳು ಸ್ವಲ್ಪ ಕಾಲಕ್ಕಾದರೂ ಚೇತರಿಸಿಕೊಂಡರು. 1948ರಲ್ಲಿ ಅದು ದೊಡ್ಡ ಸುದ್ದಿ. ಅಮ್ಮ ಭಾನುವಾರ ನುಂಗುವ ಮೆಥೋಟ್ರೆಕ್ಸೇಟ್ ಅದರದ್ದೇ ತಮ್ಮ.

ಆದರೆ ನಮ್ಮ ಮನೆಗೆ ಸುಬ್ಬರಾವ್ ಬಂದದ್ದು ಅಮ್ಮನ ಈ ಮಾತ್ರೆಗಿಂತ ಎಷ್ಟೋ ಮೊದಲು. ನನ್ನ ಅಜ್ಜಿಯ ಅಕ್ಕನಿಗೆ ಆನೆಕಾಲು ಇತ್ತು. ಮಲ್ಪೆ ಕಡೆ ಆಗ ಇದು ಅಪರೂಪ ಏನಲ್ಲ. ಮಳೆಗಾಲದಲ್ಲಿ ಬೆರಳ ಸಂದಿ ಒಡೆದು, ಜ್ವರ ಬಂದು, ಕಾಲು ಕೆಂಪಾಗಿ ಮಂಚ ಹಿಡಿಯುತ್ತಿದ್ದರು. ಮದುವೆ ಮನೆಗೆ ಹೋದರೆ ಹಿಂದೆ ಕೂರುತ್ತಿದ್ದರು, ಸೀರೆ ನೆರಿಗೆ ಕಾಲು ಮುಚ್ಚುವ ಹಾಗೆ ಎಳೆದುಕೊಂಡು. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ರಕ್ತ ತೆಗೆಯಲು ಬರುತ್ತಿದ್ದರು, ಯಾಕೆಂದರೆ ಆನೆಕಾಲು ತರುವ ಹುಳದ ಮರಿಗಳು ರಕ್ತದಲ್ಲಿ ಓಡಾಡುವುದು ರಾತ್ರಿ, ಸೊಳ್ಳೆ ಕಚ್ಚುವ ಹೊತ್ತಿಗೆ. ಆಮೇಲೆ ಕೊಡುತ್ತಿದ್ದ ಡಿಇಸಿ ಮಾತ್ರೆ ಕೂಡ ಸುಬ್ಬರಾವ್ ಅವರ ಲ್ಯಾಬಿನದ್ದೇ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಈ ರೋಗ ತಗುಲಿತ್ತು, ಮದ್ದು ಹುಡುಕುವ ತುರ್ತು ಅಲ್ಲಿಂದ ಬಂತು. ಇಲಿಗಳ ಮೇಲೆ ಒಂದಾದ ಮೇಲೊಂದು ರಾಸಾಯನಿಕ ಹಾಕಿ ನೋಡುತ್ತಾ ಹೋಗಿ 1947ರಲ್ಲಿ ಅದು ಹೊರಬಂತು. ದೊಡ್ಡಜ್ಜಿಯ ಕಾಲು ಅದರಿಂದ ಮೊದಲಿನಂತೆ ಆಗಲಿಲ್ಲ, ಊದಿಕೊಂಡ ಕಾಲನ್ನು ಆ ಮಾತ್ರೆ ಇಳಿಸುವುದಿಲ್ಲ. ಅದು ಮರಿಗಳನ್ನು ಕೊಂದು ಇನ್ನೊಬ್ಬರಿಗೆ ಹರಡದಂತೆ ಮಾಡುತ್ತದೆ. 2000ದ ದಶಕದಲ್ಲಿ ಉಡುಪಿ, ಮಂಗಳೂರು ಕಡೆ ಮನೆ ಮನೆಗೆ ಬಂದು ಎಲ್ಲರಿಗೂ ಕೊಟ್ಟದ್ದು ಅದಕ್ಕೇ. ರೋಗ ಇಲ್ಲದ ನಾವು ಯಾಕೆ ನುಂಗಬೇಕು ಅಂತ ಮಾತ್ರೆಯನ್ನು ತೆಂಗಿನ ಬುಡಕ್ಕೆ ಎಸೆದವರೂ ಇದ್ದರು. ಪಾಪ, ಅವರಿಗೆ ಯಾರಾದರೂ ಕೂತು ಬಿಡಿಸಿ ಹೇಳಬೇಕಿತ್ತು.

ನನ್ನ ಕೆಲಸ ಹೊಸ ಮದ್ದು ಕಂಡುಹಿಡಿಯುವುದಲ್ಲ, ಮದ್ದನ್ನು ಮಾತ್ರೆಯ ರೂಪಕ್ಕೆ ತರುವುದು. ಒಂದು ಮಾತ್ರೆಯ ಮೇಲೆ ಮೂರು ವರ್ಷ ಕೂತಿದ್ದೆವು. ಕೆಡದೆ ಉಳಿಯುತ್ತದಾ ಅಂತ ನೋಡಲು 40 ಡಿಗ್ರಿ ಬಿಸಿ, 75 ಶೇಕಡಾ ತೇವದ ಪೆಟ್ಟಿಗೆಯಲ್ಲಿ ಆರು ತಿಂಗಳು ಇಟ್ಟು ತೆಗೆದರೆ ಬಣ್ಣ ತಿರುಗಿತ್ತು. ಮತ್ತೆ ಮಾಡಿದೆವು, ಮತ್ತೆ ಹಾಗೆಯೇ. ಪ್ರಾಜೆಕ್ಟ್ ನಿಂತಿತು, ಫೈಲು ಕಪಾಟಿಗೆ ಹೋಯಿತು, ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಈ ಕೆಲಸದಲ್ಲಿ ಇರುವವರ ಬದುಕು ಬಹುಪಾಲು ಹೀಗೆಯೇ. ಅದಕ್ಕೇ ಸುಬ್ಬರಾವ್ ನನಗೆ ಹತ್ತಿರದವರು ಅನ್ನಿಸುತ್ತಾರೆ, ಎಷ್ಟು ಸಲ ಬಾಗಿಲು ಹಾಕಿದರೂ ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದ ಮನುಷ್ಯ. 1948ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 53.

ಅಮ್ಮ ಎಲ್ಲ ಕೇಳಿಸಿಕೊಂಡು, "ಅಲ್ಲ, ಅವರಿಗೆ ಮಕ್ಕಳು ಎಂತ ಇರ್ಲಿಲ್ವಾ?" ಅಂದರು. ಹೆಂಡತಿ ಬಸುರಿ ಇದ್ದಾಗ ಅಮೆರಿಕಕ್ಕೆ ಹೊರಟವರು, ಮಗ ಹುಟ್ಟಿ ಎಳೆಮಗುವಾಗಿದ್ದಾಗಲೇ ತೀರಿಹೋಯಿತು, ಅವರು ಮತ್ತೆ ಊರಿಗೆ ಬರಲೇ ಇಲ್ಲ ಅಂತ ಹೇಳಿದೆ.

ಅಮ್ಮ ಮಾತ್ರೆ ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು.

"ಆ ಹೆಂಗಸು ಎಷ್ಟು ವರ್ಷ ಕಾದಿರಬೇಕು," ಅಂದರು. ಆಮೇಲೆ ನೀರು ಕೇಳಿದರು.