ಚಳಿಗಾಲದ ಅಘನಾಶಿನಿ: ನಾಲ್ಕು ಶನಿವಾರಗಳ ಗಾಳದ ಲೆಕ್ಕ

ನಮ್ಮ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಅಮ್ಮನ ಹಾಲಿನ ಲೆಕ್ಕದ ಪಕ್ಕ ನನ್ನ ನೀಲಿ ಪೆನ್ನಿನ ಗುರುತುಗಳು ಸೇರಿಕೊಂಡಿವೆ. ನವೆಂಬರ್ 29, ಡಿಸೆಂಬರ್ 13, ಡಿಸೆಂಬರ್ 27, ಜನವರಿ 3. ನಾಲ್ಕೂ ಶನಿವಾರ, ನಾಲ್ಕು ಸಲವೂ ಕುಮಟೆಯ ಅಘನಾಶಿನಿ ಅಳಿವೆಯಲ್ಲೇ ಗಾಳ. ಮೊದಲ ಮೂರು ಸಲ ಸೇರಿ ಸಿಕ್ಕಿದ್ದು ಅಂಗೈಯುದ್ದದ ಎರಡು ಕಾಣೆ ಮೀನು. ನಾಲ್ಕನೇ ಸಲ ಒಳ್ಳೆಯ ಮೀನು ಸಿಕ್ಕಿತು. ಮೊದಲ ಮೂರು ಸಲ ಯಾಕೆ ಸಿಗಲಿಲ್ಲ ಅನ್ನುವುದು ಸ್ಪಷ್ಟವಾಗಿದ್ದು ಅದಕ್ಕಿಂತ ಹೆಚ್ಚು ಖುಷಿ ಕೊಟ್ಟಿದೆ, ಅದಕ್ಕೇ ಈ ಸಲದ ದಾಖಲೆ ಸ್ವಲ್ಪ ಉದ್ದ.

ಅಘನಾಶಿನಿಯನ್ನೇ ಹಿಡಿದುಕೊಂಡಿದ್ದಕ್ಕೆ ಕಾರಣವಿದೆ. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ಕಟ್ಟೆ ಎದ್ದಿತು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿಯುವುದರಿಂದ ಹೊನ್ನಾವರದ ಅಳಿವೆಯಲ್ಲಿ ಚಳಿಗಾಲದಲ್ಲೂ ಉಪ್ಪು ಏರಬೇಕಾದಷ್ಟು ಏರುವುದಿಲ್ಲ. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆ ನಿಂತು ಹೊಳೆಯ ನೀರು ಇಳಿದಂತೆ ಸಮುದ್ರ ಒಳಗೆ ಬರುತ್ತದೆ, ಡಿಸೆಂಬರ್ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದವರೆಗೂ ಉಪ್ಪುನೀರು. ಬಳಚು, ಅಂದರೆ ಚಿಪ್ಪುಮೀನು, ಆರಿಸುವ ಹೆಂಗಸರು ಇಳಿತದಲ್ಲಿ ಸೊಂಟಮಟ್ಟ ನೀರಿಗಿಳಿದಿರುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನನ್ನ ಮನೆಯವರಿಗೇ ಪ್ರಶಸ್ತಿ ಬಂದಷ್ಟು ಸಂತೋಷಪಟ್ಟಿದ್ದೆ.

ಮೊದಲೆರಡು ಸಲ ನಾನು ದೂರಿದ್ದು ಚಳಿಯನ್ನು. ಬೆಂಗಳೂರಿನಲ್ಲಿ ಸ್ವೆಟರ್ ಹಾಕಿಕೊಂಡು ರೈಲು ಹತ್ತಿದವನಿಗೆ ಮೀನಿಗೂ ಚಳಿಯಾಗಿರಬೇಕು ಅನ್ನಿಸುವುದು ಸಹಜ. ಹಾಗಾಗಿ ಡಿಸೆಂಬರ್ 13ಕ್ಕೆ ಥರ್ಮಾಮೀಟರ್ ಒಯ್ದೆ. ಬೆಳಿಗ್ಗೆ ಎಂಟಕ್ಕೆ ಕಾಲುವೆಯ ನೀರು 26 ಡಿಗ್ರಿ, ಮಧ್ಯಾಹ್ನ 28 ದಾಟಿತ್ತು. ಇದು ಮೀನು ಬಾಯಿ ಮುಚ್ಚಿಕೊಳ್ಳುವ ಚಳಿಯಲ್ಲ. ನಮ್ಮ ಕರಾವಳಿಯ ಸಮುದ್ರ ಹೆಚ್ಚು ತಣ್ಣಗಾಗುವುದು ಚಳಿಗಾಲದಲ್ಲಲ್ಲ, ಮಳೆಗಾಲದಲ್ಲಿ ಆಳದ ತಂಪು ನೀರು ಮೇಲೇಳುವಾಗ. ಗಾಳಿಯೂ ನೆಪವಾಗುವಂತಿರಲಿಲ್ಲ. ಬೆಳಿಗ್ಗೆ ಘಟ್ಟದ ಕಡೆಯಿಂದ ಸಣ್ಣಗೆ ಬೀಸಿ, ನೀರು ಕನ್ನಡಿಯ ಹಾಗಿತ್ತು. ಲೂರ್ (ಮೀನಿನಾಕಾರದ ನಕಲಿ ಎರೆ) ತಳದಲ್ಲಿ ಹೇಗೆ ಓಡುತ್ತಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಎಲ್ಲ ಚೆನ್ನಾಗಿದೆ, ಮೀನು ಮಾತ್ರ ಇಲ್ಲ.

ಡಿಸೆಂಬರ್ 27ರಂದು ದೋಣಿ ಬಾಡಿಗೆಗೆ ಕೊಡುವ ಅಣ್ಣ ನನ್ನ ಮುಖ ನೋಡಿ ಹೇಳಿದ: "ನೀರೇ ಎದ್ದಿಲ್ಲ ತಮ್ಮಾ. ನೀ ಬರೋದು ಯಾವಾಗ್ಲೂ ನೀರು ಮಲಗಿದಾಗ್ಲೇ. ಹುಣ್ಣಿಮೆಗೆ ಬಾ, ಅಮಾಸೆಗೆ ಬಾ."

ಅವತ್ತು ನೆಟ್ಟ ಬಿದಿರಿನ ಗಳಕ್ಕೆ ಚಾಕುವಿನಿಂದ ಗೆರೆ ಕೊರೆದಿದ್ದೆ. ನಾಲ್ಕು ಗಂಟೆಯಲ್ಲಿ ನೀರು ಇಳಿದದ್ದು ಎರಡು ಗೇಣು, ಅಷ್ಟೇ.

ವಾಪಸ್ ಬಂದು ಭಾನುವಾರ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತೆ. ನವಮಿ, ಮತ್ತೆ ನವಮಿ, ಆಮೇಲೆ ಸಪ್ತಮಿ ಕಳೆದು ಅಷ್ಟಮಿ. ಮೂರೂ ಸಲ ಅರ್ಧಚಂದ್ರನ ಆಸುಪಾಸು, ಅಂದರೆ ಸೂರ್ಯ ಚಂದ್ರರ ಸೆಳೆತ ಒಂದಕ್ಕೊಂದು ಅಡ್ಡವಾಗಿ ಭರತ (ಸಮುದ್ರದ ಉಬ್ಬರ) ತೀರಾ ಸಣ್ಣದಾಗುವ ದಿನಗಳು. ಕಾರಣ ನನ್ನ ರಜೆಯಲ್ಲೇ ಇತ್ತು. ಆಫೀಸಿನಲ್ಲಿ ನಮಗೆ ಒಂದು ಶನಿವಾರ ಬಿಟ್ಟು ಒಂದು ಶನಿವಾರ ರಜೆ, ಅಂದರೆ ಹದಿನಾಲ್ಕು ದಿನಕ್ಕೊಮ್ಮೆ. ಅಷ್ಟಮಿಯಿಂದ ಅಷ್ಟಮಿಗೆ ಸರಾಸರಿ ಹದಿನಾಲ್ಕೂ ಮುಕ್ಕಾಲು ದಿನ. ಎರಡೂ ಹೆಚ್ಚುಕಮ್ಮಿ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಒಮ್ಮೆ ಅಷ್ಟಮಿಯ ಶನಿವಾರ ಕೈಗೆ ಬಂದರೆ, ಮುಕ್ಕಾಲು ಮುಕ್ಕಾಲು ದಿನವಾಗಿ ಸರಿದು ಹುಣ್ಣಿಮೆ ಅಮಾವಾಸ್ಯೆಯ ಶನಿವಾರ ಸಿಗಲು ನಾಲ್ಕೂವರೆ ತಿಂಗಳು ಬೇಕು. ನವೆಂಬರ್ ಕೊನೆಯಿಂದ ಎಣಿಸಿದರೆ ಏಪ್ರಿಲ್. ಇಡೀ ಚಳಿಗಾಲ ಮಲಗಿದ ನೀರಿನಲ್ಲೇ ಕಳೆದುಹೋಗುತ್ತಿತ್ತು.

ಭರತದ ಹೊತ್ತಿಗೂ ತಿಥಿಯೇ ಸಾಕು. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಗಳಿಗೆಯ ಲೆಕ್ಕದಲ್ಲಿ ತಿಥಿಗೆ ಎರಡು ಗಳಿಗೆ, ಅಂದರೆ 48 ನಿಮಿಷ. ಹೊಳೆ ಸಮುದ್ರ ಸೇರುವ ತದಡಿಯ ಬಾಯಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ತುಂಬು ಭರತ ಹನ್ನೊಂದರ ಆಸುಪಾಸು, ಬೆಳಿಗ್ಗೆಯೂ ರಾತ್ರಿಯೂ. ಅಲ್ಲಿಂದ ತಿಥಿಗೆ ಎರಡು ಗಳಿಗೆ ಕೂಡುತ್ತ ಹೋದರೆ ನವಮಿಗೆ ತುಂಬುವುದು ಬೆಳಗಿನ ಆರೂಕಾಲರ ಹೊತ್ತಿಗೆ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ರೈಲು ಹತ್ತಿ ಬೆಳಿಗ್ಗೆ ಕುಮಟೆಯಲ್ಲಿ ಇಳಿದು, ದೋಣಿ ತಲುಪುವಷ್ಟರಲ್ಲಿ ಇದ್ದಷ್ಟು ಸೆಳೆತವೂ ಅರ್ಧ ಮುಗಿದಿರುತ್ತಿತ್ತು. ಹುಣ್ಣಿಮೆಗಾದರೆ ನಾನು ತಲುಪುವಾಗ ನೀರು ಏರುತ್ತಿರುತ್ತದೆ, ಮಧ್ಯಾಹ್ನದಿಂದ ಸಂಜೆಯವರೆಗೆ ಇಳಿಯುತ್ತದೆ, ಸಂಜೆಯ ರೈಲಿಗೆ ವಾಪಸ್. ರೈಲಿನ ವೇಳಾಪಟ್ಟಿ ನನಗೋಸ್ಕರವೇ ಮಾಡಿದಂತಿದೆ.

"ಏಕಾದಶಿ ಯಾವತ್ತು ಅಂತ ಕೇಳಿದ್ರೆ ಗೊತ್ತಿಲ್ಲ ಅಂತಿದ್ದೆ, ಈಗ ನವಮಿ ದಶಮಿ ಎಲ್ಲ ಬಾಯಿಗೆ ಬರತ್ತಲ್ಲೋ" ಅಂದರು ಅಮ್ಮ. ಪಕ್ಕದ ಸೀಟಿನ ಸಹೋದ್ಯೋಗಿಯ ಜೊತೆ ಶನಿವಾರ ಅದಲುಬದಲು ಮಾಡಿಕೊಂಡೆ.

ಜನವರಿ 3, ಬನದ ಹುಣ್ಣಿಮೆ. ಚಂದ್ರ ಎರಡು ದಿನ ಹಿಂದಷ್ಟೇ ಭೂಮಿಗೆ ಹತ್ತಿರ ಬಂದುಹೋಗಿದ್ದ, ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರವಿದ್ದದ್ದೂ ಅದೇ ದಿನ. ಹಾಗಾಗಿ ಬರೀ ಹುಣ್ಣಿಮೆಯ ಭರತವಲ್ಲ, ಅದಕ್ಕೂ ಒಂದು ಕೈ ಮೇಲು. ಹನ್ನೊಂದೂ ಮುಕ್ಕಾಲಿಗೆ ಕಾಂಡ್ಲಾದ ಕೆಳಗಿನ ಎಲೆಗಳು ನೀರಿನಲ್ಲಿ ಅದ್ದಿದ್ದವು. ಬಾಯಲ್ಲಿ ನೀರು ತಿರುಗಿ ಮುಕ್ಕಾಲು ಗಂಟೆಯ ನಂತರ ಒಳಗಿನ ಕಾಲುವೆಯಲ್ಲಿ ತಿರುಗಿತು. ಈ ಅಂತರವನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ನಾನು ಕಾದು ನಿಂತದ್ದು ಗಜನಿಯ ಬಾಗಿಲ ಎದುರು, ಅಲ್ಲಿಯವರು ಜಂತ್ರಡಿ ಅನ್ನುತ್ತಾರೆ. ಗಜನಿ ಅಂದರೆ ಹೊಳೆಯಂಚಿನ ಉಪ್ಪು ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಭರತದಲ್ಲಿ ಒಳಗೆ ತುಂಬಿದ ನೀರು ಹೊಳೆ ಇಳಿದಾಗ ಬಾಗಿಲಿನಿಂದ ನುಗ್ಗಿ ಬರುತ್ತದೆ, ಜೊತೆಗೆ ಸಿಗಡಿ ಮರಿಗಳು. ಅಷ್ಟಮಿಯ ಎರಡು ಗೇಣು ಇಳಿತದಲ್ಲಿ ಇದೇ ಬಾಗಿಲು ಜಿನುಗುತ್ತಿತ್ತು. ಅವತ್ತು ಒಂದೂವರೆ ಹೊತ್ತಿಗೆ ಸದ್ದು ಶುರುವಾಯಿತು. ವಾಯವ್ಯದ ಕಡಲಗಾಳಿಯೂ ಎದ್ದಿತ್ತು. ಪಶ್ಚಿಮಕ್ಕೆ ಓಡುವ ನೀರಿಗೆ ಎದುರಾಗಿ ಬೀಸಿ, ಕಾಲುವೆಯ ಮೇಲೆಲ್ಲ ಸಣ್ಣ ಸಣ್ಣ ಅಲೆ. ಬೆಳಗಿನ ಕನ್ನಡಿ ಒಡೆದಿದ್ದು ಒಳ್ಳೆಯದೇ ಆಯಿತು, ದೋಣಿಯ ನೆರಳು ಮೀನಿಗೆ ಕಾಣುವುದಿಲ್ಲ.

2.20ಕ್ಕೆ ಬಾಗಿಲ ನೊರೆ ಮುಗಿದು ನೀರು ಕಪ್ಪಾಗುವ ಗೆರೆಯಲ್ಲಿ ಟಪ್ ಅಂತ ಸದ್ದು, ದಾರ ಅಡ್ಡ ಓಡಿತು. ಬಾರಮುಂಡಿ, 58 ಸೆಂಟಿಮೀಟರ್. ಎರಡು ಸಲ ನೀರಿನಿಂದ ಪೂರ್ತಿ ಮೇಲೆದ್ದು ತಲೆ ಕೊಡವಿತು. ಕಣ್ಣು ಬಿಸಿಲಿಗೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಒದ್ದೆ ಕೈಯಲ್ಲಿ ಹಿಡಿದು, ಅಳೆದು, ಬಿಟ್ಟೆ. ಈ ಮೀನು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಇದು ಇನ್ನೂ ಮೊಟ್ಟೆ ಇಡಬೇಕಾದ ಮೀನು.

ನಾಲ್ಕಕ್ಕೆ ಬಿದಿರು ನೋಡಿದರೆ ಎರಡೂವರೆ ಮೊಳ ಇಳಿದಿತ್ತು.

ಮೀನು ಬಿಟ್ಟ ಮೇಲೆ ಲೀಡರ್ ಅನ್ನು, ಅಂದರೆ ಕೊಕ್ಕೆಯ ಕಡೆಗಿನ ಗಟ್ಟಿ ದಾರದ ತುಂಡನ್ನು, ಉಗುರಿನ ನಡುವೆ ಎಳೆದು ನೋಡಿದೆ. ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ, ಗಾಜಿನಂತಿದ್ದ ದಾರ ಬೆಳ್ಳಗಾಗಿ ಸೀಮೆಸುಣ್ಣದ ಹಾಗೆ ಒರಟಾಗಿತ್ತು, ಒಂದು ಕಡೆ ಅರ್ಧಕ್ಕೆ ಸೀಳಿತ್ತು. ಬಾರಮುಂಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗಿರುತ್ತದೆ. ಇನ್ನೊಮ್ಮೆ ತಲೆ ಕೊಡವಿದ್ದರೆ ತುಂಡಾಗಿ, ಬಾಯಲ್ಲಿ ಕೊಕ್ಕೆ ಸಿಕ್ಕಿಕೊಂಡೇ ಮೀನು ಹೋಗುತ್ತಿತ್ತು. 30 ಪೌಂಡಿನ ಲೀಡರ್ ಇಲ್ಲಿಗೆ ಸಾಲದು. ಇನ್ನು 50ರದ್ದು ಒಂದೂವರೆ ಮಾರು, ಪ್ರತಿ ಮೀನಿನ ನಂತರ ಮೊದಲ ಒಂದು ಗೇಣು ಕತ್ತರಿಸಿ ಹೊಸ ಗಂಟು. ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಟ್ಟಿದ್ದೇನೆ.

ಮುಂದಿನದು ಜನವರಿ 17, ಅಮಾವಾಸ್ಯೆಯ ಹಿಂದಿನ ದಿನ. ಲೆಕ್ಕದ ಪ್ರಕಾರ ಬಾಯಲ್ಲಿ ತುಂಬು ಭರತ ಹತ್ತೂಕಾಲಿಗೆ, ಬಾಗಿಲ ಎದುರು ಹನ್ನೊಂದಕ್ಕೆ. ರಜೆ ಒಪ್ಪಿಗೆಯಾಗಿದೆ, ಟಿಕೆಟ್ ಆಗಿದೆ, ಬಿದಿರು ಅಲ್ಲೇ ನಿಂತಿದೆ.