ಅಷ್ಟೂರಿನ ಬಾನಾಡಿ ಲೆಕ್ಕ: ಫೆಬ್ರುವರಿಯಿಂದ ಜೂನ್‌ವರೆಗೆ

ಮೊದಲಿಗೆ ತಪ್ಪೊಪ್ಪಿಗೆ. ಫೆಬ್ರುವರಿಯಲ್ಲಿ ಈ ಲೆಕ್ಕ ಆರಂಭಿಸಿದಾಗ, ಬೀದರ್ ಬಳಿಯ ಅಷ್ಟೂರಿನಲ್ಲಿ ಬಹಮನಿ ಗೋರಿಯೊಂದರ ಗುಮ್ಮಟದೊಳಗೆ ಗೂಡು ಕಟ್ಟಿರುವುದು ಸ್ವಿಫ್ಟ್‌ಲೆಟ್, ಅಂದರೆ ಪಶ್ಚಿಮ ಘಟ್ಟದ ಗುಹೆಗಳಲ್ಲಿರುವ ಪುಟ್ಟ ಬಾನಾಡಿ, ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ನಾಲ್ಕು ಜನರಿಗೆ ಹೇಳಿಯೂ ಬಿಟ್ಟಿದ್ದೆ. ಅದು ಸ್ವಿಫ್ಟ್‌ಲೆಟ್ ಅಲ್ಲ, ಮನೆ ಬಾನಾಡಿ (ಹೌಸ್ ಸ್ವಿಫ್ಟ್). ಎಂಜಲಿನಿಂದ ಗೂಡು ಅಂಟಿಸುವ ಹಕ್ಕಿ, ತಂಪಾದ ಗಾರೆ ಛಾವಣಿ, ಬಹಮನಿ ಕಾಲದ ಅರೆಗತ್ತಲೆ ಎಲ್ಲವೂ ಒಂದೇ ಕಡೆ ಸಿಕ್ಕಾಗ, ಘಟ್ಟದ ಗುಹೆಯೇ ಬೀದರಿಗೆ ಬಂದಿತೆಂದು ಹಿಗ್ಗಿಹೋಗಿದ್ದೆ.

ತಪ್ಪು ತಿಳಿದದ್ದು ಏಪ್ರಿಲ್‌ನ ಗಾಳಿಮಳೆಯ ಮರುದಿನ, ನೆಲಕ್ಕೆ ಬಿದ್ದಿದ್ದ ಒಂದು ಖಾಲಿ ಗೂಡಿನಿಂದ. ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಅಂಗಡಿಗೆ ತಂದೆ. ನನ್ನದು ಮೊಬೈಲ್ ದುರಸ್ತಿ ಕೆಲಸ. ಭೂತಗನ್ನಡಿ, ದೀಪ, ಚಿಮಟ ಮೇಜಿನ ಮೇಲೆಯೇ ಇರುತ್ತವೆ. ಒಂದೊಂದೇ ಎಳೆ ಬಿಡಿಸುತ್ತ ಹೋದೆ. ಕೋಳಿಯ ಬಿಳಿ ಗರಿ, ಪಾರಿವಾಳದ ಬೂದು ಗರಿ, ಒಣಹುಲ್ಲು, ಹತ್ತಿಯ ಎಳೆ, ಗೊಬ್ಬರದ ಚೀಲದ ನೀಲಿ ದಾರ. ಎಳೆಗೆ ಎಳೆ ತಾಗುವಲ್ಲೆಲ್ಲ ಒಣಗಿದ ಗೋಂದಿನಂತೆ ಮಿಂಚುವ ತೆಳು ಪೊರೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ಚಿಮಟಕ್ಕೆ ಅಂಟಿಕೊಂಡಿತು. ಈ ಸಾಮಾನನ್ನು ಹಕ್ಕಿ ನೆಲಕ್ಕಿಳಿದು ಹೆಕ್ಕಿದ್ದಲ್ಲ. ಗಾಳಿಯಲ್ಲಿ ತೇಲಿ ಬಂದದ್ದನ್ನು ಹಾರುತ್ತಲೇ ಕೊಕ್ಕಿನಲ್ಲಿ ಹಿಡಿದು ತಂದದ್ದು.

ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಸ್ವಿಫ್ಟ್‌ಲೆಟ್ ಹೀಗೆ ಗರಿಗಂಟು ಕಟ್ಟುವುದಿಲ್ಲ. ಅರ್ಧ ಬಟ್ಟಲನ್ನು ಗುಹೆಯ ಗೋಡೆಗೆ ಒತ್ತಿಟ್ಟಂತೆ ಅದರ ಗೂಡು. ಎಂಜಲು, ಅದರಲ್ಲಿ ಸೇರಿದ ಪಾಚಿ, ಹುಲ್ಲು, ಗರಿ, ಒಳಗೆ ಎರಡು ಬಿಳಿ ಮೊಟ್ಟೆ. ಅಂಡಮಾನಿನ ಇನ್ನೊಂದು ಜಾತಿಯ ಗೂಡಂತೂ ಹೆಚ್ಚುಕಡಿಮೆ ಬರೀ ಎಂಜಲು. ಚೀನಾದವರ ಸೂಪಿಗೆ ಭಾರಿ ಬೆಲೆಗೆ ಹೋಗುವುದು ಅಂಥದ್ದು. ಮಹಾರಾಷ್ಟ್ರದ ವೆಂಗುರ್ಲಾ ಕಡಲಿನ ಬಂಡೆದ್ವೀಪದಲ್ಲಿರುವ ಘಟ್ಟದ ಜಾತಿಯ ಸ್ವಿಫ್ಟ್‌ಲೆಟ್ ಗೂಡುಗಳನ್ನೂ ಕಳ್ಳರು ಬಿಟ್ಟಿರಲಿಲ್ಲ. ಅಷ್ಟೂರಿನ ಈ ಕೋಳಿಗರಿಯ ಗಂಟನ್ನು ಯಾರೂ ಕದಿಯುವುದಿಲ್ಲ, ಪುಣ್ಯ.

ಗೂಡು ಬಿಡಿ, ಹಕ್ಕಿಯನ್ನು ಸರಿಯಾಗಿ ನೋಡಿದ್ದರೆ ಮೊದಲ ದಿನವೇ ತಿಳಿಯಬೇಕಿತ್ತು. ಬಾಲದ ಬುಡದಲ್ಲಿ ಬೆಳ್ಳಗೆ ಪಟ್ಟಿ, ಗಂಟಲೂ ಬಿಳಿ. ಸ್ವಿಫ್ಟ್‌ಲೆಟ್ ಮಾಸಲು ಕಂದು. ನಾನು ಗೂಡುಗಳನ್ನೇ ದಿಟ್ಟಿಸುತ್ತ ಕುಳಿತಿದ್ದೆ.

ಮೇ ತಿಂಗಳು ಸದ್ದಿನ ಪರೀಕ್ಷೆಗೆ ಹೋಯಿತು. ಸ್ವಿಫ್ಟ್‌ಲೆಟ್ ಕಗ್ಗತ್ತಲೆಯ ಗುಹೆಯಲ್ಲಿ ಟಿಕ್ ಟಿಕ್ ಎನ್ನುತ್ತ, ಅದರ ಮಾರ್ದನಿಯಿಂದ ದಾರಿ ಕಂಡುಕೊಳ್ಳುತ್ತದೆ. ಕೀಟಾಹಾರಿ ಬಾವಲಿಗಳ ಸದ್ದು ಬಹುಮಟ್ಟಿಗೆ ನಮ್ಮ ಕಿವಿಗೆ ನಿಲುಕದು, ಇದರದು ನಿಲುಕುತ್ತದೆ. ಹಾಗೆಂದು ಬಾವಲಿಯಂತೆ ಈ ಸದ್ದಿನಿಂದ ಬೇಟೆಯಾಡುವುದಿಲ್ಲ, ಹುಳ ಹಿಡಿಯುವುದು ಹಗಲಿನಲ್ಲಿ ಕಣ್ಣಿನಿಂದಲೇ. ಹಕ್ಕಿಗಳ ಪೈಕಿ ಈ ವಿದ್ಯೆ ಕೆಲವು ಸ್ವಿಫ್ಟ್‌ಲೆಟ್‌ಗಳಿಗೆ ಮತ್ತು ದಕ್ಷಿಣ ಅಮೆರಿಕದ ಎಣ್ಣೆಹಕ್ಕಿಗೆ ಮಾತ್ರ ಒಲಿದಿದೆ. ಗುಮ್ಮಟದಲ್ಲಿ ಮೂರು ಸಂಜೆ ಮೊಬೈಲ್ ಇಟ್ಟು ಧ್ವನಿ ಹಿಡಿದೆ. ಸೂರ್ಯ ಮುಳುಗುವಾಗ ಕಿರ್‌ರ್ ಎಂಬ ಗಲಾಟೆ, ಗುಂಪಿಗೆ ಗುಂಪೇ ಕಮಾನಿನೊಳಗೆ ನುಗ್ಗುತ್ತದೆ. ಕತ್ತಲಾದ ಮೇಲೆ ಗೂಡಿನೊಳಗಿನ ಗುಸುಗುಸು ಬಿಟ್ಟರೆ ಏನೂ ಇಲ್ಲ. ಟಿಕ್ ಎಂದದ್ದು ಒಂದೇ ಬಾರಿ, ಅದು ನನ್ನ ಟಾರ್ಚಿನ ಗುಂಡಿ.

ಬೀದರಿನಲ್ಲಿ ನಿಜವಾದ ಕತ್ತಲೆ ಬೇಕೆಂದರೆ ಝರಣಿ ನರಸಿಂಹನ ಗುಹೆ. ಎದೆಮಟ್ಟದ ನೀರಿನಲ್ಲಿ ದೇವರವರೆಗೆ ನಡೆಯಬೇಕು, ತಲೆಯ ಮೇಲೆ ಬಾವಲಿಗಳು. ಬಾನಾಡಿ ಒಂದಾದರೂ ಒಳಗೆ ಬರುತ್ತದೆಯೇ ನೋಡೋಣವೆಂದು ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲೆತ್ತಿ ಹಿಡಿದು ಹೋದೆ. ಬಾನಾಡಿ ಕಾಣಲಿಲ್ಲ. ಧ್ವನಿಮುದ್ರಣದ ತುಂಬ "ಗೋವಿಂದಾ, ಗೋವಿಂದಾ". ಹಿಂದಿದ್ದ ಅಜ್ಜಿ, "ದೇವರ ಮುಂದೆಯೂ ಫೋನ್ ಬಿಡುವುದಿಲ್ಲವೇನಪ್ಪಾ?" ಎಂದರು. ಹಕ್ಕಿಯ ಸಲುವಾಗಿ ಎಂದರೆ ಇನ್ನಷ್ಟು ಬೈಸಿಕೊಳ್ಳಬೇಕಾಗುತ್ತಿತ್ತು.

ಈಗ ಗೂಡುಗಳ ಎಣಿಕೆ. ಯಾವ ಗುಮ್ಮಟ ಎಂದು ಬೇಕೆಂದೇ ಬರೆಯುತ್ತಿಲ್ಲ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಚಿತ್ತಾರದ ಗುಮ್ಮಟವಲ್ಲ ಎಂದಷ್ಟೇ ಹೇಳಬಲ್ಲೆ. ಕತ್ತು ನೋಯುತ್ತದೆಂದು ಹಳೆಯ ಕ್ಷೌರದ ಕನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಎಣಿಸುತ್ತಿದ್ದೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು, ನನಗೆ ಹೊಳೆಯಲಿಲ್ಲ. ಪಡುವಣ ಮೂಲೆಯ ಗೊಂಚಲನ್ನು ಎರಡೆರಡು ಬಾರಿ ಎಣಿಸಿ ಏಪ್ರಿಲ್‌ನಲ್ಲಿ 34 ಎಂದು ಬರೆದಿದ್ದೆ. ಮತ್ತೆ ಎಣಿಸಿದರೆ 27. ಅವುಗಳಲ್ಲಿ ಮೂರನ್ನು ಗುಬ್ಬಿಗಳು ಹಿಡಿದುಕೊಂಡಿವೆ, ಬಾಡಿಗೆಯೂ ಇಲ್ಲ, ಮುಲಾಜೂ ಇಲ್ಲ. ಮೇ ಕೊನೆಯಲ್ಲಿ ಯಾರೋ ಬಿದಿರುಗಳದಿಂದ ಬಾಗಿಲ ಕಮಾನಿನ ಐದು ಗೂಡು ಕೆಡವಿದ್ದರು. ಉಳಿದದ್ದು 22.

ಜೂನ್ ಎರಡನೇ ವಾರ ಒಂದು ಹಕ್ಕಿ ನೆಲದ ಮೇಲೆ ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಅಲ್ಲಿಯ ಕಾವಲುಗಾರ ಚಾಚಾ ಇವನ್ನು ಅಬಾಬೀಲ್ ಎನ್ನುತ್ತಾರೆ. "ನೆಲಕ್ಕೆ ಬಿದ್ದರೆ ಇದಕ್ಕೆ ಏಳುವುದು ಕಷ್ಟ. ಎತ್ತಿ ಗೋಡೆಗೆ ಹಚ್ಚು," ಎಂದರು. ಅಂಗೈಯಲ್ಲಿಟ್ಟುಕೊಂಡಾಗ ಮೊದಲ ಬಾರಿಗೆ ಕಾಲು ಕಂಡೆ. ಕಾಲೆನ್ನುವುದೂ ಹೆಚ್ಚಾಯಿತು, ಹೊಟ್ಟೆಯ ಗರಿಯಿಂದ ಇಣುಕುವ ನಾಲ್ಕು ಕೊಕ್ಕೆ, ನಾಲ್ಕೂ ಮುಂದಕ್ಕೇ. ಇಂಥ ಕಾಲಿನಲ್ಲಿ ಕೊಂಬೆಯ ಮೇಲೆ ಕೂರಲಾಗದು, ಗೋಡೆಗೆ ಜೋತು ಬೀಳಬಹುದು. ಅದು ನನ್ನ ಹೆಬ್ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಗೋಡೆಗೆ ಹಚ್ಚುವಾಗ ಒಂದೊಂದು ಉಗುರನ್ನೂ ಬಿಡಿಸಬೇಕಾಯಿತು. ಗಾರೆಯ ಬಿರುಕು ಹಿಡಿದು ಒಂದು ಮೊಳ ತೆವಳಿತು, ನಿಂತಿತು, ಕೈಬಿಟ್ಟಿತು. ಬಿತ್ತೆಂದುಕೊಂಡೆ. ನೆಲಕ್ಕೆ ಗೇಣು ಉಳಿದಿರುವಾಗ ರೆಕ್ಕೆ ಬಿಚ್ಚಿ ಕಮಾನಿನಾಚೆ ಹೋಗಿಬಿಟ್ಟಿತು.

ಜುಲೈಗೆ ಕನ್ನಡಿಯ ಮೇಲೆ ದಾರ ಕಟ್ಟಿ ಒಂಬತ್ತು ಮನೆ ಮಾಡಿಕೊಂಡಿದ್ದೇನೆ, ಮನೆಗೊಂದು ಸಂಖ್ಯೆ. ಗುಬ್ಬಿಗಳ ಗೂಡಿಗೆ ಬೇರೆ ಕಾಲಮ್ಮು.