ಹಾಫ್ ಸೆವೆನ್ ಎಂದರೆ ಎಷ್ಟು ಗಂಟೆ?

ವಿರಾಜಪೇಟೆಯ ಬಳಿ ಒಂದು ಎಸ್ಟೇಟ್ ರೆಸಾರ್ಟಿನಲ್ಲಿ ಟ್ರಾವೆಲ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಕಾಫಿ ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೆದರ್‌ಲ್ಯಾಂಡ್ಸಿನ ಹಿರಿಯ ದಂಪತಿ ನಾಲ್ಕು ದಿನ ನಮ್ಮಲ್ಲಿ ತಂಗಿದ್ದರು. ಮರುದಿನ ಕಣ್ಣೂರಿನಿಂದ ಹತ್ತು ಗಂಟೆಗೆ ಅವರ ಮುಂಬೈ ವಿಮಾನ. ಸಂಜೆ ಆ ಅಮ್ಮ ವಾಟ್ಸ್ಆ್ಯಪಿನಲ್ಲಿ ಚುಟುಕಾಗಿ ಕೇಳಿದರು: ಟ್ಯಾಕ್ಸಿ ಹಾಫ್ ಸೆವೆನ್‌ಗೆ ಬರಲಿ. ನಾನು ಲಾಗ್ ಬುಕ್ಕಿನಲ್ಲಿ 7.30 ಎಂದು ಬರೆದು ಡ್ರೈವರಿಗೆ ಫೋನ್ ಮಾಡಿದೆ. ನೈಟ್ ಶಿಫ್ಟಿನ ಹುಡುಗ ಹ್ಯಾಂಡೋವರ್ ತೆಗೆದುಕೊಳ್ಳುವಾಗ ಪುಟ ನೋಡಿ, "ಅಕ್ಕ, ಹತ್ತು ಗಂಟೆಯ ವಿಮಾನಕ್ಕೆ ಏಳೂವರೆಗೆ ಹೊರಟರೆ ಸಾಕೇ?" ಎಂದು ಕೇಳಿದ.

"ಅವರೇ ಹೇಳಿದ ಸಮಯ. ನೀನು ಬರೆದಷ್ಟು ಮಾಡು" ಎಂದುಬಿಟ್ಟೆ.

ಬೆಳಿಗ್ಗೆ ಆರೂವರೆಗೆ ದಂಪತಿ ಪೆಟ್ಟಿಗೆಗಳೊಂದಿಗೆ ಪೋರ್ಟಿಕೋದಲ್ಲಿ ನಿಂತಿದ್ದರು. ಬೇಗ ಎದ್ದಿದ್ದಾರೆ ಎಂದುಕೊಂಡ ಹುಡುಗ ಕಾಫಿ ಕೊಟ್ಟು ಕೂರಿಸಿದ. ಕಾರು ಇನ್ನೇನು ಬರುತ್ತದೆ ಎಂದುಕೊಂಡು ಅವರೂ ಕುಡಿದರು. ಹೀಗೆ ಇಪ್ಪತ್ತು ನಿಮಿಷ ಹೋಯಿತು. ನಾನು ಕ್ವಾರ್ಟರ್ಸಿನಿಂದ ಓಡಿಬರುವಷ್ಟರಲ್ಲಿ ಯಜಮಾನರು ಮಂಜಿನೊಳಗೆ ಗೇಟಿನವರೆಗೆ ಹೋಗಿ ಹೋಗಿ ಬರುತ್ತಿದ್ದರು.

"ಹಾಫ್ ಸೆವೆನ್ ಎಂದಿದ್ದೆನಲ್ಲ" ಎಂದರು ಆ ಅಮ್ಮ.

"ಹೌದು, ಹಾಫ್ ಸೆವೆನ್" ಎಂದೆ ನಾನು.

ಇಬ್ಬರೂ ಗೋಡೆಯ ಗಡಿಯಾರ ನೋಡಿದೆವು. ಹೇಳಿದ ಮಾತು ಒಂದೇ. ಅವರ ಪ್ರಕಾರ ಕಾರು ತಡ, ನನ್ನ ಪ್ರಕಾರ ಇನ್ನೂ ಸಮಯವಿದೆ. ಅವರ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಡ್ರೈವರ್ ಇದ್ದುದು ಅಮ್ಮತ್ತಿಯಲ್ಲಿ. ತೋಟದೊಳಗೆ ನೆಟ್‌ವರ್ಕ್ ಇಲ್ಲ. ಲ್ಯಾಂಡ್‌ಲೈನಿನಿಂದ ಆರು ಬಾರಿ ಪ್ರಯತ್ನಿಸಿದ ಮೇಲೆ ಸಿಕ್ಕರು. ಪಾಪ, ಹಲ್ಲುಜ್ಜುತ್ತಿದ್ದವರು ಹಾಗೆಯೇ ಹೊರಟು ಬಂದರು. ಕಾರು ಗೇಟು ದಾಟಿದಾಗ 7.20. ಮಾಕುಟ್ಟ ಘಾಟಿಯಲ್ಲಿ ಮಂಜು, ಒಂದು ತಿರುವಿನಲ್ಲಿ ಕೆಟ್ಟು ನಿಂತ ಲಾರಿ. ಮಟ್ಟನ್ನೂರಿನ ವಿಮಾನ ನಿಲ್ದಾಣ ತಲುಪಿದ್ದು 9.25ಕ್ಕೆ. ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ಕೌಂಟರ್ ಮುಚ್ಚಿತ್ತು. ಡ್ರೈವರ್ ಫೋನಿನಲ್ಲಿ "ಆಗಲಿಲ್ಲ ಮೇಡಂ" ಎಂದಾಗ ನನಗೆ ಮಾತೇ ಹೊರಡಲಿಲ್ಲ.

ಇಂಗ್ಲೆಂಡಿನವರು ಹಾಫ್ ಸೆವೆನ್ ಎಂದರೆ ಹಾಫ್ ಪಾಸ್ಟ್ ಸೆವೆನ್. ನಡುವಿನ ಪಾಸ್ಟ್ ಮಾತಿನ ಅವಸರದಲ್ಲಿ ಬಿದ್ದುಹೋಗಿದೆ, ಅಷ್ಟೇ. ನಮ್ಮ ಏಳೂವರೆಯೂ ಏಳು ಕಳೆದು ಅರ್ಧ. ಎರಡೂ ಒಂದೇ ದಿಕ್ಕಿನಲ್ಲಿ ಇರುವುದರಿಂದ ನನಗೆ ಸಂಶಯವೇ ಬರಲಿಲ್ಲ. ಡಚ್ ಭಾಷೆಯಲ್ಲಿ ಹಾಗಲ್ಲ. ಅವರ ‘ಹಾಲ್ಫ್ ಜೇವನ್’ ಏಳಕ್ಕೆ ಅರ್ಧ ಗಂಟೆ ಬಾಕಿ, ಅಂದರೆ ಆರೂವರೆ. ಜರ್ಮನರ ‘ಹಾಲ್ಪ್ ಜೀಬನ್’ ಕೂಡ ಅಷ್ಟೇ. ಆ ಅಮ್ಮ ತಮ್ಮ ಭಾಷೆಯ ಲೆಕ್ಕವನ್ನು ಇಂಗ್ಲಿಷಿನ ಪದಗಳಲ್ಲಿ ಬರೆದಿದ್ದರು, ನಾನು ಅದನ್ನು ಕನ್ನಡದ ಲೆಕ್ಕದಲ್ಲಿ ಓದಿದ್ದೆ.

ಇಂಥ ತುಂಡು ಪದಗಳು ನಮ್ಮ ಡೆಸ್ಕಿಗೆ ದಿನವೂ ಬರುತ್ತವೆ. ಸೆಕ್, ಅಂದರೆ ಒಂದು ಸೆಕೆಂಡ್, ಎಂದವರು ಹತ್ತು ನಿಮಿಷ ಬಿಟ್ಟು ಬರುತ್ತಾರೆ. ನಾವು "ಈಗ ಬಂದೆ" ಎನ್ನುವುದಿಲ್ಲವೇ, ಹಾಗೆ. ಆಸ್ಟ್ರೇಲಿಯದ ಒಬ್ಬರು ಆರ್ವೋ ಬರುತ್ತೇವೆ ಎಂದು ಬರೆದಾಗ ನಮ್ಮ ರಿಸೆಪ್ಷನ್ ಗೆಸ್ಟ್ ಲಿಸ್ಟಿನಲ್ಲಿ ಆ ಹೆಸರಿನವರನ್ನು ಹುಡುಕಿತು. ಅದು ಆಫ್ಟರ್‌ನೂನ್‌ನ ಮುದ್ದಿನ ಹೆಸರು. ಗೊತ್ತಿಲ್ಲದ ಪದವಾದ್ದರಿಂದ ಕೇಳಿ ತಿಳಿದುಕೊಂಡೆವು, ಯಾರಿಗೂ ತೊಂದರೆಯಾಗಲಿಲ್ಲ. ಹಾಫ್ ಸೆವೆನ್ ನನಗೆ ಗೊತ್ತಿದ್ದ ಪದ. ಅದಕ್ಕೇ ಕೇಳಲಿಲ್ಲ.

ಪದದ ವಿಷಯ ಹಾಗಿರಲಿ, ಟಿಕೆಟಿನ ಪ್ರತಿ ಫೈಲಿನಲ್ಲೇ ಇತ್ತು. ಮಂಜಿನ ದಿನ ಆ ದಾರಿಗೆ ಎರಡು ಗಂಟೆ ಬೇಕೆಂಬುದು ಕೊಡಗಿನಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಲೆಕ್ಕ ಹಾಕಿ ಕೇಳಿದ್ದ. ಮರುದಿನ ಅವನ ಬಳಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಕ್ಕ" ಎಂದ. ಆದರೆ ಎಷ್ಟೋ ದಿನ ಅವನು ನನ್ನನ್ನು ಏನೂ ಕೇಳಲಿಲ್ಲ, ಬರೆದಷ್ಟೇ ಮಾಡುತ್ತಿದ್ದ. ವಿಮಾನ ತಪ್ಪಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ನೋಯಿಸಿತು.

ಹೊಸ ಟಿಕೆಟಿನ ಹಣವನ್ನು ಮ್ಯಾನೇಜ್‌ಮೆಂಟ್ ಕೊಟ್ಟಿತು, ಒಂದು ಭಾಗವನ್ನು ನನ್ನ ಸಂಬಳದಲ್ಲಿ ಹಿಡಿಯಿತು. ಅದಕ್ಕೆ ನನ್ನ ತಕರಾರಿಲ್ಲ. ಎಲ್ಲರಿಗೂ ಇಂಗ್ಲಿಷ್ ಸಂಭಾಷಣೆಯ ತರಬೇತಿ ಎಂದು ಎರಡು ದಿನ ಕೂರಿಸಿದ್ದಕ್ಕೆ ಇದೆ. ಈಗ ಯಾರು ಯಾವ ಪದದಲ್ಲಿ ಸಮಯ ಹೇಳಿದರೂ ನಾನು ಅಂಕಿಯಲ್ಲಿ ಬರೆದು, ವಿಮಾನದ ಸಮಯವನ್ನೂ ಜೊತೆಗಿಟ್ಟು ವಾಪಸ್ ಕಳುಹಿಸುತ್ತೇನೆ. ಅವರು ಸರಿ ಎಂದ ಮೇಲೆಯೇ ಡ್ರೈವರಿಗೆ ಫೋನ್. ಬುಕಿಂಗ್ ಸಾಫ್ಟ್‌ವೇರಿನಲ್ಲಿ ಪಿಕಪ್ ಸಮಯಕ್ಕೆ ಪ್ರತ್ಯೇಕ ಕಾಲಂ ಕೊಡಿ ಎಂದು ಮೂರು ಬಾರಿ ಬರೆದು ಕೊಟ್ಟಿದ್ದೇನೆ. ಇವತ್ತಿಗೂ ರಿಮಾರ್ಕ್ಸ್ ಕಾಲಮಿನಲ್ಲೇ ತುಂಬುತ್ತಿದ್ದೇವೆ.